ಸ್ಟ್ಯಾಂಡಿಲ್ಲದ ಫಟಫಟಿ

ಮುಂಡಾಸ ಖಾಜಾ ಮಿಯಾನ ಎದೆಗೆ ಬಡಿದು ಅಂಗಳದ ಧೂಳಿಗೆ ಬಿತ್ತು. ಗಂಡನ ಆ ಮುಂಡಾಸವನ್ನು ಎಸೆದವಳು ರುಕ್ಮಿಣಿಬಾಯಿ. ಅವಳ ಗಂಡ ಶಿವರಾಜಪ್ಪನನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಜೀವವಿದ್ದಾಗ ಒಂದು ಗಳಿಗೆ ಒಂದು ಕಡೆ ಕೂರದಿದ್ದ ಮನುಷ್ಯ ಈಗ ಅಲ್ಲಾಡದೆ ಕೂತಿದ್ದ.

"ಒಯ್ಯಿರಿ! ಇದನ್ನೂ ಒಯ್ಯಿರಿ, ಆ ಫಟಫಟಿನೂ ಒಯ್ಯಿರಿ. ದಾರ್ಯಾಗ ಹೊಳಿ ಸಿಗ್ತದ, ಅದರಾಗ ಒಗದ ಹೋಗ್ರಿ. ನನ್ನ ಮನಿಯಾಗ ಇನ್ನ ಆ ಎಣ್ಣಿ ವಾಸನಿ ಬರಬಾರ್ದು."

"ಭಾಬಿ, ಮಣ್ಣ ಆಗೋತನಕರೆ ನಿಂದರತೇನಿ. ಒಂದು ಹಿಡಿ ಮಣ್ಣ ಹಾಕಿ..."

"ನನ್ನ ಬಾಳ್ವಿಗಿ ಮೊದಲೇ ಮಣ್ಣ ಹಾಕೀರಿ. ಮತ್ತೊಂದು ಹಿಡಿ ಯಾತಕ್ಕ?"

ನೆರೆದವರೆಲ್ಲ ಅವಳ ಮಾತಿಗೆ ತಲೆದೂಗಿದರು. ಶಿವರಾಜಪ್ಪನ ಅಣ್ಣ ಮನ್ಮಥಪ್ಪನಂತೂ ಈ ಮಾತಿಗೇ ಕಾದವನ ಹಾಗೆ ಮುಂದೆ ಬಂದ. "ಕೇಳಿಸ್ಲಿಲ್ಲೇನ್ರಿ ಮಿಯಾ? ಥಂಡ್ಯಾಗ ಅಡ್ಡಾಡಿಸಿ ನನ್ನ ತಮ್ಮನ ಜೀವ ತಗೊಂಡ್ರಿ. ನಡೀರಿನ್ನ."

ಖಾಜಾ ಮಿಯಾ ಬಾಗಿ ಮುಂಡಾಸ ಎತ್ತಿದ, ಧೂಳು ಕೊಡವಿದ, ಹೆಗಲಿಗೆ ಹಾಕಿಕೊಂಡ. ಬೇವಿನ ಗಿಡಕ್ಕೆ ಒರಗಿಸಿದ್ದ ಮೋಟಾರ್ ಸೈಕಲ್ಲನ್ನು ರಸ್ತೆಯ ತನಕ ನೂಕಿಕೊಂಡು ಹೋದ. ಆಮೇಲೆ ಫಟ್ ಫಟ್ ಎಂದು ಆ ಸದ್ದು ಬೀದರಿನ ದಾರಿ ಹಿಡಿಯಿತು. ರುಕ್ಮಿಣಿಬಾಯಿ ಸದ್ದು ಪೂರ್ತಿ ಅಡಗುವ ತನಕ ನಿಂತು ಶಪಿಸಿದಳು. ಅಷ್ಟು ಮಾಡಿದ ಮೇಲೆಯೇ ಅವಳಿಗೆ ಅಳು ಬಂದದ್ದು.

*

ಆ ಗಾಡಿ ಮನೆಗೆ ಬಂದ ದಿನವೇ ಅವಳಿಗೆ ಅದರ ಮೇಲೆ ಹಗೆ ಹುಟ್ಟಿತ್ತು. ಮಹಾಯುದ್ಧದಲ್ಲಿ ಓಡಿ ಓಡಿ ಸೊರಗಿದ್ದ ಪಲ್ಟನ್ನಿನ ಗಾಡಿಗಳನ್ನು ಸಿಕಂದರಾಬಾದಿನಲ್ಲಿ ಹರಾಜು ಹಾಕಿದಾಗ ಮೂವರು ಗೆಳೆಯರು ಮೂರು ತಂದಿದ್ದರು. ಬೀದರಿನ ಚಿದ್ರಿಯಲ್ಲಿ ತಗಡಿನ ಕೆಲಸ ಮಾಡುವ ಖಾಜಾ ಮಿಯಾ, ಔರಾದ ಕಡೆಯ ಸಂತಪುರದಲ್ಲಿ ಒಕ್ಕಲುತನ ಮಾಡುವ ಮಡೆಪ್ಪ, ಭಾಲ್ಕಿ ಪೇಟೆಯಲ್ಲಿ ತೊಗರಿಬೇಳೆ ಮಾರುವ ಶಿವರಾಜಪ್ಪ. ಬೇಳೆ ಮಾರುವವನಿಗೆ ಫಟಫಟಿ ಯಾತಕ್ಕೆ ಎಂದು ಪೇಟೆಯೆಲ್ಲ ನಕ್ಕಿತು. ನಗದವಳು ಇವಳೊಬ್ಬಳೇ.

ಅದಕ್ಕೆ ಸ್ಟ್ಯಾಂಡು ಇರಲಿಲ್ಲ. ಯುದ್ಧದಲ್ಲಿ ಎಲ್ಲೋ ಮುರಿದುಹೋಗಿತ್ತಂತೆ. ಯಾರಾದರೂ ಹಿಡಿದುಕೊಳ್ಳದೆ ಸವಾರ ಇಳಿಯುವಂತಿಲ್ಲ. ಹೀಗಾಗಿ ಶಿವರಾಜಪ್ಪ ದಿನಾ ಸಂಜೆ ಬಾಗಿಲಲ್ಲಿ ನಿಂತು ಕೂಗುತ್ತಿದ್ದ: "ಒಂಚೂರು ಹಿಡೀ ಬಾ."

ಅವಳು ಒಂದು ದಿನವೂ ಹೋಗಲಿಲ್ಲ. ಒಳಗೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವನು ಕೂಗಿದಷ್ಟೂ ಜೋರಾಗಿ ಬಡಿಯುತ್ತಿದ್ದಳು. ಕೊನೆಗೆ ಅವನೇ ಕಾಲೂರಿ ಕಾಲೂರಿ ಹೇಗೋ ಬೇವಿನ ಗಿಡಕ್ಕೆ ಒರಗಿಸಿ ಬರುತ್ತಿದ್ದ. ಸಿಟ್ಟಾಗುತ್ತಿರಲಿಲ್ಲ, ಪುಣ್ಯಾತ್ಮ. ಮರುದಿನ ಮತ್ತೆ ಅದೇ ಕೂಗು.

ಪ್ರತಿ ಪುಷ್ಯಮಾಸದಲ್ಲಿ ಸಿಕಂದರಾಬಾದಿನ ಮೈದಾನದಲ್ಲಿ ಹಳೆಯ ಗಾಡಿಗಳವರ ಜಲಸಾ. ಕಲಬುರ್ಗಿ, ನಾಂದೇಡ, ವರಂಗಲ್ಲಿನಿಂದೆಲ್ಲ ಬರುತ್ತಿದ್ದರಂತೆ. ಬೆಂಕಿ ಕಾಯಿಸಿಕೊಂಡು ಯಾರ ಗಾಡಿ ಎಲ್ಲಿ ಕೈಕೊಟ್ಟಿತು ಎಂದು ಹೇಳಿಕೊಂಡು ನಗುವುದು. ಅಷ್ಟೇ. ಅದಕ್ಕಾಗಿ ಗಂಡಸರು ಎಲುಬು ನಡುಗುವ ಚಳಿಯಲ್ಲಿ ಹೋಗುತ್ತಾರೆಂದರೆ ಅವಳು ಹೇಗೆ ನಂಬಬೇಕು?

ಈ ಸಲ ಅವನು ಹೋದ ಮೇಲೆ ದೇವರ ಗೂಡಿನಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಗಂಡನ ಬೆಳ್ಳಿ ಕರಡಿಗೆ. ಮೈಮೇಲಿನ ಲಿಂಗವನ್ನು ಮನೆಯಲ್ಲಿಟ್ಟು ಹೋಗಿದ್ದಾನೆ! ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಕರಡಿಗೆ ಬಿಚ್ಚಿ ನೋಡುವುದಂತೂ ದೂರದ ಮಾತು. ಕೈಮುಗಿದು ಹಾಗೇ ಬಿಟ್ಟಳು. ಮಾತು ಹೊರಗೆ ಹೋದರೆ ಮಾನ ಹೋಗುತ್ತದೆಂದು ಯಾರಿಗೂ ಹೇಳಲಿಲ್ಲ. ದೇವರನ್ನು ಬಿಟ್ಟ, ಗಾಡಿ ಹತ್ತಿದ ಎಂದು ಒಳಗೊಳಗೇ ಕುದ್ದಳು.

ಅವನು ಕೆಂಡದಂಥ ಜ್ವರ ಹೊತ್ತು ಬಂದ. ತನ್ನ ಗಾಡಿ ಬೀದರಿನಲ್ಲೇ ಬಿಟ್ಟು, ಅವನನ್ನು ಅವನ ಗಾಡಿಯಲ್ಲೇ ಹಿಂದೆ ಕೂರಿಸಿಕೊಂಡು ತಂದ ಖಾಜಾ ಮಿಯಾನೇ ಹಿಡಿದು ಇಳಿಸಿದ. ಮೈಮರೆತು ಮಲಗಿದ ಗಂಡನ ಕೊರಳಿಗೆ ಅವಳು ಕರಡಿಗೆ ಹಾಕಿದಳು. ಊಟವಿಲ್ಲ, ಪೂಜೆಯಿಲ್ಲ, ನಡುನಡುವೆ ಒಂದೇ ಬಡಬಡಿಕೆ: "ಮುಂಡಾಸ ಕೊಡು, ಮುಂಡಾಸ."

"ಇನ್ನೂ ಎಲ್ಲಿಗಿ ಹೋಗಬೇಕಂತ ಮಾಡೀರಿ?" ಎಂದು ಅವಳು ಎಣ್ಣೆ ಕಮಟು ಹೊಡೆಯುತ್ತಿದ್ದ ಆ ಮುಂಡಾಸವನ್ನು ಹೊರಗಿನ ಕಟ್ಟೆಯ ಮೂಲೆಗೆ ತುರುಕಿದಳು. ಅವನು ಬೇಡುತ್ತಲೇ ಹೋದ.

*

ಹೊಲದಲ್ಲಿ ಕುಣಿ ತೋಡಿ, ಒಳಗೆ ಗೂಡು ಕೊರೆದು, ಶಿವರಾಜಪ್ಪನನ್ನು ಅದರಲ್ಲಿ ಕೂರಿಸಿ ಆಗಿತ್ತು. ಹೊತ್ತು ಪಡುವಣಕ್ಕೆ ವಾಲಿತ್ತು. ಸ್ವಾಮಿಗಳು ಕುಣಿಗಿಳಿದು ಅವನ ಎಡಗೈಯನ್ನು ಬಿಡಿಸಿ ಪತ್ರಿ ಹಾಸಿದರು. ಇನ್ನು ಲಿಂಗವನ್ನು ಅಂಗೈಯಲ್ಲಿಟ್ಟರೆ ಆಯಿತು, ವಿಭೂತಿ, ಮಣ್ಣು. ಅವರು ಕರಡಿಗೆ ಬಿಚ್ಚಿದರು. ಬಗ್ಗಿಸಿ ನೋಡಿದರು.

"ಇದರಾಗ ಲಿಂಗ ಇಲ್ಲಲ್ಲೋ!"

ಮೊದಲು ಕೂಗಿದವನು ಮನ್ಮಥಪ್ಪ. "ಆ ಮಿಯಾನ ಕೆಲಸ! ಅವನೇ ತಗದಾನ."

"ಬಾಯಿ ಬಿಗಿಹಿಡಿದು ಮಾತಾಡ್ರಿ," ಎಂದ ಮಡೆಪ್ಪ. ಅವನ ಗಾಡಿ ಈ ಸಲದ ದಾರಿಯಲ್ಲೇ ಮುರಿದುಬಿದ್ದು, ಸಂತಪುರದಿಂದ ಎತ್ತಿನ ಗಾಡಿಯಲ್ಲಿ ಆಗಷ್ಟೇ ಬಂದಿಳಿದಿದ್ದ. "ಘಾಟನ್ಯಾಗ ಕಳ್ಳರು ಬೆಳ್ಳಿ ಕಂಡ್ರ ಕೊರಳೇ ಕೊಯ್ತಾರ. ಅದಕ್ಕ ಈ ಸಲ ನಾವಿಬ್ಬರೂ ಕರಡಿಗಿ ಮನ್ಯಾಗ ಇಟ್ಟು, ಲಿಂಗ ಅರಿವ್ಯಾಗ ಸುತ್ತಿ ಮುಂಡಾಸದಾಗ ಕಟ್ಟಿಕೊಂಡಿದ್ವಿ. ತಲಿ ಮ್ಯಾಲ ಧರಿಸಿದ್ರ ತಪ್ಪೇನ್ರಿ ಅಪ್ಪಾವ್ರ?"

"ತಪ್ಪಲ್ಲ," ಎಂದರು ಸ್ವಾಮಿಗಳು. "ಮುಂಡಾಸ ಎಲ್ಲಿ?"

ರುಕ್ಮಿಣಿಬಾಯಿ ಕುಣಿಯ ಅಂಚಿಗೆ ಬಂದಳು. ಎಲ್ಲಿ ಎಂದರೆ ಏನು ಹೇಳುವುದು? ದೇವರನ್ನು ಬಿಟ್ಟು ಹೋಗಿರಲಿಲ್ಲ ಅವನು. ಹೋಗಿ ಬರುವ ತನಕ ತಲೆಯ ಮೇಲೆ ಹೊತ್ತಿದ್ದ. ಸಾಯುವ ತನಕ ಬೇಡಿದ್ದ. ಅವಳೇ ಅದನ್ನು ಮೂಲೆಗೆ ತುರುಕಿದ್ದಳು, ಅವಳೇ ಧೂಳಿಗೆ ಎಸೆದಿದ್ದಳು, ಹೊಳೆಗೆ ಹಾಕೆಂದು ಸಾರಿ ಸಾರಿ ಹೇಳಿದ್ದಳು.

"ನಾ ಒಗದೆ," ಎಂದಳು. "ನಾನೇ ಹೊಳಿಗಿ ಹಾಕಂತ ಕೊಟ್ಟೆ."

ಗುಲ್ಲೆದ್ದಿತು. ಪಾಪಿಷ್ಠೆ ಎಂದರು, ಮನೆತನ ಮುಳುಗಿಸಿದಳು ಎಂದರು. ಬೆಳಿಗ್ಗೆ ಅವಳ ಮಾತಿಗೆ ತಲೆದೂಗಿದವರೇ ಎಲ್ಲ. ಮನ್ಮಥಪ್ಪ ಒಬ್ಬನನ್ನು ಕುದುರೆ ಹತ್ತಿಸಿ ಬೀದರಿನ ದಾರಿಗೆ ಅಟ್ಟಿದ. ಅದು ಹೋಗಿ ಬರುವುದರೊಳಗೆ ಹೊತ್ತು ಮುಳುಗುವುದು ಅವನಿಗೂ ಗೊತ್ತಿತ್ತು. ಮುಳುಗುವುದರೊಳಗೆ ಮಣ್ಣು ಮಾಡಲೇಬೇಕು, ಬರಿಗೈಯಲ್ಲಾದರೂ. ಲಿಂಗವಿಲ್ಲದೆ ಹೋದವನೆಂಬ ಮಾತು ಶಿವರಾಜಪ್ಪನಿಗೆ ಅಂಟಿ ಉಳಿಯುತ್ತದೆ.

ಅವಳು ದಾರಿಯ ಕಡೆ ಮುಖ ಮಾಡಿ ಕಿವಿಗೊಟ್ಟು ನಿಂತಳು. ಯಾವ ಸದ್ದು ಕೇಳಿದರೆ ಅವಳ ಮೈ ಉರಿಯುತ್ತಿತ್ತೋ ಅದೇ ಸದ್ದು ಈಗ ಬೇಕಾಗಿತ್ತು. ಬರಲಿ ಶಿವನೇ, ಒಂದು ಸಲ ಬರಲಿ.

ಬಂತು. ಮೊದಲು ದೂರದಲ್ಲಿ ಕೆಮ್ಮಿದ ಹಾಗೆ, ಆಮೇಲೆ ಸರಿಯಾಗಿ ಫಟ್ ಫಟ್ ಎಂದು. ಕೆಂಧೂಳಿನಲ್ಲಿ ಅದೇ ಗಾಡಿ, ಸವಾರನ ತಲೆಯ ಮೇಲೆ ಅದೇ ಮುಂಡಾಸ. ಒಂದು ಗಳಿಗೆ ಅವಳಿಗೆ ಕುಣಿಯೊಳಗೆ ಕೂತವನು ಯಾರೋ ಬೇರೆಯವನು ಅನ್ನಿಸಿತು.

ಖಾಜಾ ಮಿಯಾ ಬದುವಿನ ಹತ್ತಿರ ಗಾಡಿ ನಿಲ್ಲಿಸಿ ಎರಡೂ ಕಾಲೂರಿದ. ಮುಖದ ಧೂಳಿನಲ್ಲಿ ಕಣ್ಣೀರು ಹರಿದ ಗುರುತಿತ್ತು.

"ಮುಂಜಾನಿಂದ ಹೊಳಿ ದಂಡ್ಯಾಗೇ ಕುಂತಿದ್ದೆನ್ರಿ. ಒಗಿಲಿಕ್ಕ ಕೈ ಏಳಲಿಲ್ಲ. ಕಡೀಕ ಎದ್ದು ಮುಂಡಾಸ ಮುದ್ದಿ ಮಾಡಿದಾಗ ಗಂಟ ಕೈಗಿ ಹತ್ತಿತು. ಏನಂತ ಗೊತ್ತಾತು. ಬಿಚ್ಚಿಲ್ಲರಿ. ಕೆಳಗ ಇಡಬಾರ್ದು, ಕಿಸೇದಾಗ ಹಾಕಬಾರ್ದು, ಗಾಡಿಗಿ ಎರಡೂ ಕೈ ಬೇಕು. ಅದಕ್ಕ ತಲಿಗಿ ಸುತ್ತಿಕೊಂಡು ಬಂದೆ."

"ನೀ ಸುತ್ತಿಕೊಂಡಿ?" ಎಂದ ಮನ್ಮಥಪ್ಪ ಹಲ್ಲು ಕಡಿಯುತ್ತ.

"ಹೊತ್ತು ಹೋಗ್ತದ, ತರ್ರಿ ಇತ್ತ," ಎಂದು ಕುಣಿಯೊಳಗಿಂದ ಸ್ವಾಮಿಗಳು ಗದರಿದರು.

ಖಾಜಾ ಮಿಯಾ ಸುತ್ತ ನೋಡಿದ. ಒರಗಿಸಲು ಹೊಲದಲ್ಲಿ ಒಂದು ಗಿಡವೂ ಇರಲಿಲ್ಲ. ಒಂದು ಕೈ ಮುಂಡಾಸದ ಮೇಲಿತ್ತು. ಇನ್ನೊಂದರಲ್ಲಿ ಗಾಡಿ ವಾಲುತ್ತಿತ್ತು.

"ಯಾರರೆ ಒಂಚೂರು ಹಿಡೀರಿ," ಎಂದ.

"ಆ ಪೀಡಾ ಯಾರೂ ಮುಟ್ಟಬ್ಯಾಡ್ರಿ!" ಎಂದ ಮನ್ಮಥಪ್ಪ. ಜನ ಒಂದು ಹೆಜ್ಜೆ ಹಿಂದೆ ಸರಿಯಿತು. ಮುದುಕ ಮಡೆಪ್ಪ ಕುಣಿಯ ಆಚೆ ಬದಿಯಿಂದ ಸುತ್ತಿ ಬರತೊಡಗಿದ.

ಅವನು ಬರುವ ಮುಂಚೆ ರುಕ್ಮಿಣಿಬಾಯಿ ಭಾವನನ್ನು ದಾಟಿ ನಡೆದಳು. ತಲೆಯ ಮೇಲಿನ ಸೆರಗು ಜಾರಿದ್ದನ್ನೂ ನೋಡಿಕೊಳ್ಳಲಿಲ್ಲ. ಹ್ಯಾಂಡಲ್ಲಿಗೆ ಎರಡೂ ಕೈ ಹಾಕಿ, ಹೇಗೆ ಹಿಡಿಯಬೇಕೆಂದು ತಿಳಿಯದೆ, ಹೆಗಲು ಕೊಟ್ಟು ನಿಂತಳು. ಅದು ಇಷ್ಟು ಭಾರವೆಂದು ಅವಳಿಗೆ ಗೊತ್ತಿರಲಿಲ್ಲ. ಕಬ್ಬಿಣ ಇನ್ನೂ ಬಿಸಿಯಿತ್ತು.

ಮಿಯಾ ಇಳಿದು ಓಡಿದ. ಕುಣಿಯ ಅಂಚಿನಲ್ಲಿ ಮಂಡಿಯೂರಿ ತಲೆ ಬಗ್ಗಿಸಿದ. ಸ್ವಾಮಿಗಳು ಕೈಯೆತ್ತಿ ಅವನ ತಲೆಯಿಂದಲೇ ಗಂಟು ಬಿಚ್ಚಿಕೊಂಡರು. ಶಿವರಾಜಪ್ಪನ ಅಂಗೈ ತುಂಬಿತು. ವಿಭೂತಿ ಬಿತ್ತು, ಪತ್ರಿ ಬಿತ್ತು. ಜನ ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಖಾಜಾ ಮಿಯಾನೂ ಒಂದು ಹಿಡಿ ಹಾಕಿದ. ಸ್ವಾಮಿಗಳ ಎದುರಿಗೆ ಯಾರೂ ಬೇಡವೆನ್ನಲಿಲ್ಲ.

ಹೊತ್ತು ಮುಳುಗಿತು. ಜನ ಕೈ ತೊಳೆದು ಊರ ಕಡೆ ಹೊರಟಿತು. ಮಿಯಾ ಬಂದು ಗಾಡಿಗೆ ಕೈ ಚಾಚಿದ.

"ಬಿಡ್ರಿ ಭಾಬಿ. ಭಾಳ ಹೊತ್ತಾತು."

ಅವಳು ಹೆಗಲು ಬದಲಿಸಿ ಹಿಡಿದಳು. ಸೆರಗಿಗೆ ಎಣ್ಣೆ ಮೆತ್ತಿತ್ತು. ಅವನ ಮುಖವನ್ನು ನೋಡಿದಳು. ಆ ನೋಟದಲ್ಲಿ ಸ್ನೇಹವೇನೂ ಇರಲಿಲ್ಲ.

"ದೂರ ಸರೀರಿ," ಎಂದಳು. "ನಾ ಹಿಡದೇನಿ."