ಅಕ್ಕನ ಕಾಶಿ ಪಾಯಿಂಟು

ಚನ್ನಗಿರಿಯಲ್ಲಿ ಯಾರ ಮನೆಗೆ ಫ್ರಿಜ್ ಬರಲಿ, ನ್ಯಾಮತಿಯಲ್ಲಿ ಯಾರಾದರೂ ಮದುವೆ ಜವಳಿ ತೆಗೆಯಲಿ, ಸಂತೇಬೆನ್ನೂರಿನ ನಿಂಗರಾಜ್ ಅಲ್ಲಿ ಹಾಜರು. ಅವರ ನೋಟು ತಾನು ಇಸಿದುಕೊಂಡು, ಬಿಲ್ಲಿಗೆ ತನ್ನ ಕ್ರೆಡಿಟ್ ಕಾರ್ಡ್ ಉಜ್ಜಿಸಿ, ಪಾಯಿಂಟು ತನ್ನ ಖಾತೆಗೆ ಬೀಳಿಸಿಕೊಳ್ಳುವುದು ಅವನ ಚಟ. ಹೊನ್ನಾಳಿಯ ಪೆಟ್ರೋಲ್ ಬಂಕಿನಲ್ಲಿ ಒಮ್ಮೆ ಗುರುತು ಪರಿಚಯವಿಲ್ಲದ ಟ್ರ್ಯಾಕ್ಟರಿನವನ ಡೀಸೆಲ್ಲಿಗೂ ಕಾರ್ಡ್ ಚಾಚಿದ್ದ. ಆ ಮನುಷ್ಯ ಜೇಬು ಮುಟ್ಟಿ ನೋಡಿಕೊಂಡು ದೂರ ಸರಿದಿದ್ದ. ಮಾನ ಹೋದರೂ ನಿಂಗರಾಜನಿಗೆ ಪಾಯಿಂಟು ಹೋಗಬಾರದು, ಅಷ್ಟೆ.

ಅವನ ಪೈಪು, ಮೋಟರಿನ ಅಂಗಡಿಗೆ ಬಂದವರಿಗೆಲ್ಲ ಉಪದೇಶವೂ ಉಚಿತ.

"ಪಾಯಿಂಟಿಗೆ ಮಿಕ್ಸಿ, ಗಡಿಯಾರ ತಗಳೋನು ಶುದ್ಧ ದಡ್ಡ ಕಣ್ರೀ. ಸಾಮಾನಿಗೆ ಹಾಕಿದ್ರೆ ಅದರ ಬೆಲೆ ನೀರಾಗೆ ಹೋದಂಗೆ. ವಿಮಾನದ ಟಿಕೆಟ್ಟಿಗೆ ಹಾಕ್ರಿ, ಅದೇ ಪಾಯಿಂಟು ಮೂರುಪಟ್ಟು ಕೆಲಸ ಮಾಡ್ತೈತೆ."

ಇಷ್ಟೆಲ್ಲ ಒದ್ದಾಟ ಜಗಳೂರಿಗೆ ಕೊಟ್ಟ ಅಕ್ಕ ಚೌಡಕ್ಕನಿಗಾಗಿ. ತಾಯಿ ತೀರಿಕೊಂಡಾಗ ನಿಂಗರಾಜ್ ತೊಟ್ಟಿಲಲ್ಲಿದ್ದ. ಬಂದ ಸಂಬಂಧಗಳನ್ನೆಲ್ಲ ಹಿಂದಕ್ಕೆ ಕಳಿಸಿ, ತಮ್ಮನು ಶಾಲೆಯ ಮೆಟ್ಟಿಲು ಹತ್ತಿದ ಮೇಲೆಯೇ ಅಕ್ಕ ತಾಳಿ ಕಟ್ಟಿಸಿಕೊಂಡಿದ್ದು. ಅವಳಿಗೆ ಇದ್ದ ಆಸೆ ಒಂದೇ, ಕಾಶಿ. ಆದರೆ ಸೊಂಟದ ಮೂಳೆ ಸವೆದು ರೈಲಿನಲ್ಲಿ ಅಷ್ಟು ದೂರ ಕೂರುವ ಹಾಗಿರಲಿಲ್ಲ. ವಿಮಾನದಲ್ಲಿ ಕರೆದೊಯ್ಯುತ್ತೇನೆಂದು ನಿಂಗರಾಜ್ ಮಾತು ಕೊಟ್ಟಿದ್ದ. ಕೈಯಿಂದ ದುಡ್ಡು ಹಾಕಿ ಟಿಕೆಟ್ ತೆಗೆಯುವ ತಾಕತ್ತಿದ್ದರೆ ಕಂಡವರ ಬಿಲ್ಲಿಗೆ ಯಾಕೆ ಅಂಗಲಾಚುತ್ತಿದ್ದ?

ಇದೊಂದು ವಿಷಯ ಹೆಂಡತಿ ಕಾವ್ಯಶ್ರೀಗೆ ಮಾತ್ರ ತಿಳಿಸಿರಲಿಲ್ಲ. ಪಾಯಿಂಟು ಸಾಲುತ್ತಿದ್ದುದು ಇಬ್ಬರಿಗೆ. ಗೊತ್ತಾದರೆ "ಮತ್ತೆ ನಾನು?" ಎಂದು ಅವಳು ಕೇಳದೆ ಬಿಡುವವಳಲ್ಲ. ಟಿಕೆಟ್ ಕೈಗೆ ಬಂದ ಮೇಲೆ ಹೇಳಿದರಾಯಿತು ಎಂದು ಬಾಯಿ ಮುಚ್ಚಿಕೊಂಡಿದ್ದ.

ಆ ದಿನ ಟಿಕೆಟ್ ಮಾಡಲೆಂದು ಅಂಗಡಿಯಲ್ಲಿ ಕೂತು ಫೋನ್ ತೆರೆದ. ಪಾಯಿಂಟಿನ ಜಾಗದಲ್ಲಿ ಒಂದು ಬಡಕಲು ಸಂಖ್ಯೆ ಕೂತಿತ್ತು. ಒಂದು ಟೀ ಕುಡಿಯಲೂ ಸಾಲದ ಪಾಯಿಂಟು. ಮುಚ್ಚಿ ತೆರೆದ. ಅದೇ. ಯಾವನೋ ಕಳ್ಳ ನುಗ್ಗಿದ್ದಾನೆಂದುಕೊಂಡು ಬ್ಯಾಂಕಿಗೆ ಫೋನ್ ಮಾಡಿದರೆ, ಆ ಕಡೆಯ ಹುಡುಗಿ ಮೆತ್ತಗೆ ಹೇಳಿದಳು: "ಆ ಪಾಯಿಂಟಿಗೆ ನಿಮ್ಮ ಮನೆ ವಿಳಾಸಕ್ಕೇ ಡಿನ್ನರ್ ಸೆಟ್ ಬಂದು ತಲುಪಿದೆ ಸರ್. ಅದನ್ನು ವಾಪಸ್ ಪಡೆಯೋಕೆ ಬರೋದಿಲ್ಲ."

ಅಂಗಡಿಗೆ ಬಾಗಿಲು ಹಾಕುವುದೂ ನೆನಪಾಗದೆ ಅವನು ಮನೆಗೆ ಓಡಿದ.

ಕಾವ್ಯಶ್ರೀ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. "ಹೂಂ, ನಾನೇ ತರಿಸಿದ್ದು" ಎಂದಳು ನಿರಾಳವಾಗಿ. "ಜಗಳೂರಿನ ಅತ್ತಿಗೆ ಮನೆ ಗೃಹಪ್ರವೇಶಕ್ಕೆ ತವರಿಂದ ಮುಯ್ಯಿ ಮಾಡೋದು ಬ್ಯಾಡವಾಗಿತ್ತಾ? ನೀವು ಎಂದಾದ್ರೂ ಅದರ ಯೋಚ್ನೆ ಮಾಡೀರಾ? ನಿಮ್ಮ ಫೋನಾಗೆ ಪುಕ್ಕಟೆ ಉಡುಗೊರೆ ಐತೆ ಅಂತ ಬಂದಿತ್ತು. ಇರೋದ್ರಾಗೆ ದೊಡ್ಡದೇ ಆರಿಸಿದೆ. ಅತ್ತಿಗೆ ನಮ್ಮನ್ನ ಹಗುರ ಮಾಡಬಾರದು ನೋಡ್ರಿ."

ನಿಂಗರಾಜ್ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಮುಯ್ಯಿ ಹೆಂಗಸರ ವ್ಯವಹಾರವೆಂದು ಅವನು ಯಾವತ್ತೂ ತಲೆ ಹಾಕಿದವನಲ್ಲ. ಗೃಹಪ್ರವೇಶದ ದಿನ ಬಣ್ಣದ ಕಾಗದ ಸುತ್ತಿದ ಆ ಭಾರದ ಡಬ್ಬಿಯನ್ನು ಒಡೆದೀತೆಂದು ಜಗಳೂರಿನವರೆಗೂ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದವನು ಅವನೇ. ಒಳಗೇನಿದೆ ಎಂದು ಒಂದು ಮಾತು ಕೇಳಿರಲಿಲ್ಲ.

ಕಾಶಿಯ ಸಂಗತಿ ಬಾಯಿಬಿಟ್ಟಾಗ ಕಾವ್ಯಶ್ರೀಯ ಕೈಯಲ್ಲಿದ್ದ ಸೀರೆ ಮಣ್ಣಿಗೆ ಬಿತ್ತು.

"ನಂಗೆ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. "ಅತ್ತಿಗೆನ ಕರಕೊಂಡು ಹೋಗ್ರಿ ಅಂತ ನಾನೇ ಹೇಳ್ತಿದ್ದೆ."

ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಡಬ್ಬಿ ಬಿಚ್ಚದೆ ಇದ್ದರೆ ಪಾತ್ರೆ ಅಂಗಡಿಯ ಷಣ್ಮುಖಪ್ಪನಿಗೆ ಮಾರಿ, ಮೇಲಿಷ್ಟು ಕೈಗಡ ಮಾಡಿ, ಅಕ್ಕನ ಒಂದು ಟಿಕೆಟ್ಟಾದರೂ ತೆಗೆಯಬಹುದು ಎಂಬ ಆಸೆಯಿಂದ ಬೈಕ್ ಹತ್ತಿ ಜಗಳೂರಿಗೆ ಹೋದ.

ಅಕ್ಕನ ಹೊಸ ಮನೆಯ ಪಡಸಾಲೆಯಲ್ಲಿ ಗೋಡೆಗುಂಟ ಖಾಲಿ ಬಾಟಲಿಗಳು ಸಾಲಾಗಿ ನಿಂತಿದ್ದವು. ಗಂಗೆ ತುಂಬಿಸಿಕೊಂಡು ಬಾ ಎಂದು ಇಡೀ ಓಣಿಯೇ ಕೊಟ್ಟಿತ್ತು. ಕೆಲವಕ್ಕೆ ಗುರುತಿಗೆಂದು ದಾರ ಕಟ್ಟಿದ್ದರು, ಒಂದಕ್ಕೆ ಹಳೆಯ ಬಳೆ ತೊಡಿಸಿದ್ದರು.

"ಟಿಕೆಟ್ ಆತೇನಪ್ಪ?" ಎಂದಳು ಚೌಡಕ್ಕ, ಸೊಂಟ ಹಿಡಿದು ಎದ್ದು ನಿಲ್ಲುತ್ತ.

"ಅಕ್ಕ, ನಾವು ಮುಯ್ಯಿ ಮಾಡಿದ್ವಲ್ಲ, ಆ ಡಬ್ಬಿ ಎಲ್ಲೈತೆ?"

ಚೌಡಕ್ಕನ ಮುಖ ಸಣ್ಣಗಾಯಿತು. "ಬ್ಯಾಸರ ಮಾಡ್ಕಬ್ಯಾಡ. ಹೋದ ವಾರ ನ್ಯಾಮತಿಯಾಗೆ ನಮ್ಮ ನೆಂಟ ಕೆಂಚೇಶನ ಮಗಳ ಮದುವೆ ಇತ್ತು. ಕೈಯಾಗೆ ಬಿಡಿಕಾಸು ಇರಲಿಲ್ಲ. ಅದನ್ನೇ ಮುಯ್ಯಿ ಮಾಡಿ ಬಂದೆ. ನಿನ್ನ ಹೆಂಡ್ತಿಗೆ ಹೇಳಬ್ಯಾಡ ಮಾರಾಯ."

ಮುಯ್ಯಿಯಾಗಿ ಬಂದ ಡಬ್ಬಿ ಮುಯ್ಯಿಗೇ ಹೋಗುವುದು ಎಲ್ಲ ಮನೆಯ ರೂಢಿ. ಅಕ್ಕನ ಮೇಲೆ ಕೋಪ ಮಾಡಲು ಕಾರಣವೇ ಇರಲಿಲ್ಲ. ನಿಂಗರಾಜ್ ಅಲ್ಲೇ ಕಂಬಕ್ಕೆ ಒರಗಿ, ಮುಖ ನೋಡದೆ ಎಲ್ಲವನ್ನೂ ಹೇಳಿ ಮುಗಿಸಿದ.

ಚೌಡಕ್ಕನ ಕಣ್ಣು ಬಾಟಲಿಗಳ ಸಾಲಿನ ಮೇಲೆ ಒಮ್ಮೆ ಹೋಗಿ ಬಂತು.

"ಹಂಗಾರೆ ನನ್ನ ಕಾಶಿ ಆ ಡಬ್ಬಿಯಾಗಿತ್ತಾ?"

ಅವನು ಹೌದೆಂದು ತಲೆಯಾಡಿಸಿದ.

ಚೌಡಕ್ಕ ನಿಧಾನವಾಗಿ ಕೂತಳು. ಬಳೆ ತೊಡಿಸಿದ ಬಾಟಲಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ನಾನು ಅದನ್ನ ಬಿಚ್ಚಿ ಸೈತ ನೋಡ್ಲಿಲ್ಲ ಕಣೋ ತಮ್ಮ" ಎಂದಳು.