ಕೆಳಗಿಟ್ಟ ಕೊಡ

ಗುಡ್ಡದ ಕವಲಿನಲ್ಲಿ ಗಂಡ ಎಡಕ್ಕೆ ತಿರುಗಿದಾಗಲೇ ವೀರಭದ್ರಮ್ಮನಿಗೆ ದಾರಿ ತಪ್ಪಿತೆಂದು ಗೊತ್ತಾಗಿತ್ತು. ಹೇಳುವುದಾದರೂ ಹೇಗೆ? ಕುರುಗೋಡಿನಿಂದ ಗುಡ್ಡದ ಮೇಲಿನ ಈಶ್ವರನಿಗೆ ಹರಕೆಯ ನೀರು ಹೊತ್ತವಳು ದೇವರ ತಲೆಗೆ ಸುರಿಯುವ ತನಕ ಮಾತಾಡುವಂತಿಲ್ಲ, ಕೊಡ ನೆಲಕ್ಕೆ ತಾಗಿಸುವಂತಿಲ್ಲ. ಮಗಳು ಶೀಲಾಗೆ ಬಳ್ಳಾರಿಯಲ್ಲಿ ಹೆರಿಗೆ ಹತ್ತಿರ ಬಂದಿತ್ತು. ಎರಡು ಬಸಿರು ನಿಲ್ಲದೆ ಹೋದ ಮೇಲೆ ಹೊತ್ತ ಹರಕೆ ಇದು.

ಗಂಡನ ಟವೆಲು ಹಿಡಿದೆಳೆದು ಬಲಕ್ಕೆ ಕೈ ತೋರಿಸಿದಳು.

"ನನಗ ಗುಡ್ಡ ತೋರ್ಸಾಕ ಬಂದೀಯೇನು? ಸುಮ್ಕ ಬಾ," ಎಂದ ಜಂಬಣ್ಣ. ಈ ಮನುಷ್ಯನಿಗೆ ಹೇಳುವುದಕ್ಕಿಂತ ಬಂಡೆಗೆ ಹೇಳುವುದು ವಾಸಿ!

ಮಧ್ಯಾಹ್ನದ ಹೊತ್ತಿಗೆ ಸುತ್ತಲೂ ಬಂಡೆ, ಜಾಲಿ, ಮತ್ತೆ ಬಂಡೆ. ಹೆಸರಿಗಷ್ಟೇ ಶ್ರಾವಣ, ಬಿಸಿಲು ಮಾತ್ರ ಬೇಸಿಗೆಯದೇ. ದೇವರ ಕೆಲಸಕ್ಕೆ ಫೋನ್ ಯಾಕೆಂದು ಜಂಬಣ್ಣ ಅದನ್ನು ಮನೆಯಲ್ಲೇ ಬಿಟ್ಟಿದ್ದ. ಹೆಂಡತಿಯ ಜೊತೆ ತಾನೂ ನೀರು ಮುಟ್ಟದೆ ಉಪವಾಸ ಹಿಡಿದ ಪುಣ್ಯಾತ್ಮ ಈಗ ಸುಡುವ ಬಂಡೆಯ ಮೇಲೆ ಕುಸಿದು ಕೂತ. ಬೆವರು ನಿಂತು ಮೈ ಕಾಯುತ್ತಿತ್ತು. ಮಾತು ತೊದಲುತ್ತಿತ್ತು.

ಅವಳಿಗೂ ಸಾಕುಸಾಕಾಗಿತ್ತು. ಅಂಗಾಲು ಬೊಬ್ಬೆ ಎದ್ದಿತ್ತು, ಕತ್ತು ಬಿದ್ದುಹೋಗಿತ್ತು. ಕೊಡ ಹೊತ್ತು ನಿಂತರೆ ಇವನನ್ನು ಎತ್ತುವವರು ಯಾರು? ಇಳಿಸಿದರೆ ಮಗಳ ಗತಿ ಏನು? ಅಯ್ಯೋ ಶಿವನೇ, ಎಂದು ಮನಸ್ಸಿನಲ್ಲೇ ಅಂದುಕೊಂಡು ಕೊಡವನ್ನು ನೆಲಕ್ಕಿಟ್ಟಳು.

ಕಂಕುಳಿಗೆ ಕೈ ಕೊಟ್ಟು ಅವನನ್ನು ದೊಡ್ಡ ಬಂಡೆಯ ನೆರಳಿಗೆ ಎಳೆದಳು. ಕೊಡ ಬಗ್ಗಿಸಿ ಬೊಗಸೆಯಲ್ಲಿ ಗುಟುಕು ಗುಟುಕಾಗಿ ಕುಡಿಸಿದಳು, ತಾನೂ ಎರಡು ಬೊಗಸೆ ಕುಡಿದಳು. ಉಳಿದದ್ದರಲ್ಲಿ ಸೆರಗು ನೆನೆಸಿ ಅವನ ತಲೆಗೂ ಕುತ್ತಿಗೆಗೂ ಒತ್ತಿದಳು. ಹುಡುಕುತ್ತಾ ಇನ್ನೊಂದು ದಾರಿ ಹಿಡಿಯುವ ಶಕ್ತಿ ಇಬ್ಬರಲ್ಲೂ ಇರಲಿಲ್ಲ. ಪಕ್ಕದ ಗುಂಡುಕಲ್ಲು ಹತ್ತಿ ನಿಂತು, ಬೆಳಗಿನಿಂದ ಕಟ್ಟಿಕೊಂಡಿದ್ದ ಬಾಯಿ ಬಿಟ್ಟಳು.

"ಯಪ್ಪಾ, ಯಾರರ ಅದೀರೇನು?"

ಕೂಗಿ ಕೂಗಿ ಗಂಟಲು ಬಿದ್ದ ಮೇಲೆ, ಕೆಳಗೆ ಕುರಿ ಕಾಯುತ್ತಿದ್ದ ಮಾರೆಣ್ಣ ಓಗೊಟ್ಟ. "ಅಲ್ಲೇ ಕುಂದರ್ರಿ ಯಮ್ಮಾ, ಬಂದೆ!"

ಅಷ್ಟರಲ್ಲಿ ಜಂಬಣ್ಣನಿಗೆ ಸರಿಯಾಗಿ ಎಚ್ಚರ ಬಂದಿತ್ತು. ಬರಿದಾದ ಕೊಡ ನೋಡಿ ಅವನ ಮುಖ ಬಿಳುಚಿಕೊಂಡಿತು.

"ಎಂಥ ಕೆಲ್ಸ ಮಾಡಿಬಿಟ್ಟಿ? ನಾಳೆ ಶೀಲಾಗ ಏನರ ಆದ್ರ?"

"ಆದ್ರ ಅಕಿನ್ನ ಹಿಡಕೊಂಡು ಕುಂದ್ರಾಕ ಅಪ್ಪ ಇರಬೇಕಲ್ರಿ," ಎಂದಳು ವೀರಭದ್ರಮ್ಮ. ಅಂದವಳೇ ಅವನ ಪಕ್ಕದಲ್ಲಿ ಕುಸಿದು ಕೂತು ಗೊಳೋ ಎಂದು ಅತ್ತಳು.