ಮಲ್ಲಿಕಾಂಬ ಓದುವ ಹೊತ್ತು

ಅಜ್ಜಂಪುರದ ಮಲ್ಲಿಕಾಂಬ ಮದುವೆಯಾದ ಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿದ್ದಳು. "ಬೆಳಗಿನ ಜಾವ ಓದಿದ್ರೆ ತಲೆಗೆ ಹತ್ತುತ್ತೆ ಕಣೇ" ಎಂದು ಅತ್ತೆ ಗುರುಶಾಂತಮ್ಮ ಕೋಳಿ ಕೂಗುವ ಮೊದಲೇ ಎಬ್ಬಿಸುತ್ತಿದ್ದರು. ಅವಳು ಪುಸ್ತಕದ ಮೇಲೇ ತೂಕಡಿಸುತ್ತಿದ್ದಳು.

ಒಂದು ಮಧ್ಯಾಹ್ನ ಉಂಡು ಎಲ್ಲರೂ ಮಲಗಿದ್ದಾಗ ಸುಮ್ಮನೆ ಬೀಜಗಣಿತ ತೆರೆದಳು. ಅದುವರೆಗೂ ಬಗ್ಗದ ಲೆಕ್ಕಗಳು ನೀರು ಕುಡಿದಷ್ಟು ಸಲೀಸಾಗಿ ಬಂದವು. ಅಷ್ಟರಲ್ಲಿ ಅತ್ತೆ ಎದ್ದು ಕಾಫಿ ಕೇಳಿದರು.

ಮರುದಿನದಿಂದ ಅವಳು ಅತ್ತೆ, ಮಾವ, ಗಂಡ ಮೂವರಿಗೂ ದೊಡ್ಡ ದೊಡ್ಡ ಮುದ್ದೆ ಕಟ್ಟಿದಳು, ಮೇಲೆ ಅನ್ನ, ಗಟ್ಟಿ ಮೊಸರು ಬಡಿಸಿದಳು. "ಸಾಕು ಕಣೇ" ಅಂದರೆ, "ಇನ್ನೊಂಚೂರು ಅತ್ತೆ" ಎಂದು ಸುರಿದಳು. ಪರೀಕ್ಷೆ ಮುಗಿಯುವವರೆಗೂ ಮೂವರೂ ದಿನಾ ಸಂಜೆತನಕ ಗೊರಕೆ ಹೊಡೆದರು.

ಮಲ್ಲಿಕಾಂಬ ಫಸ್ಟ್ ಕ್ಲಾಸಲ್ಲಿ ಪಾಸಾದಳು. ಗುರುಶಾಂತಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡರು: "ಓದೋ ಗಲಾಟೆಲೂ ಇಷ್ಟು ಅಕ್ಕರೆಯಿಂದ ಉಣಬಡಿಸೋ ಸೊಸೆ ಯಾರಿಗೆ ಸಿಗ್ತಾಳೆ ಹೇಳ್ರೀ!"